ಸ್ಯಾನ್ ಬೇಟೆಗಾರರ ಬದುಕು ಮತ್ತು ಆಫ್ರಿಕಾದ ಬಂಡೆಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ಬಂಡೆಚಿತ್ರಗಳ ಮಾತು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಏಳುತ್ತವೆ. ಇಲ್ಲಿನ ಉತ್ತರಗಳು ಬಹುಪಾಲು ಖಂಡದ ದಕ್ಷಿಣ ಭಾಗದ ಸ್ಯಾನ್ ಜನರನ್ನು ಕುರಿತವು. ಚಿತ್ರ ಬಿಡಿಸಿದ ಜನರ ಕುಲದವರೇ ಅರ್ಥ ಹೇಳಿ, ಆ ಮಾತು ಬರಹಕ್ಕೂ ಇಳಿದಿರುವ ಉದಾಹರಣೆಗಳು ಜಗತ್ತಿನಲ್ಲಿ ತೀರಾ ಕಡಿಮೆ. ಸ್ಯಾನ್ ಚಿತ್ರಗಳು ಅಂತಹ ಅಪರೂಪದ ಉದಾಹರಣೆ. ಆ ಮಾತುಗಳನ್ನು ಪಕ್ಕಕ್ಕಿಟ್ಟು ನಮ್ಮ ಊಹೆಗಳನ್ನು ಮುಂದೆ ಮಾಡುವುದು ಅನ್ಯಾಯ ಎಂಬುದು ನನ್ನ ದೃಢವಾದ ನಂಬಿಕೆ.

ಆಫ್ರಿಕಾದ ಬಂಡೆಚಿತ್ರಗಳೆಲ್ಲ ಒಂದೇ ಬಗೆಯವೇ?

ಖಂಡಿತ ಅಲ್ಲ. ಅಲ್ಜೀರಿಯಾದ ತಾಸಿಲಿ ನಜ್ಜೆರ್ ಪ್ರಸ್ಥಭೂಮಿಯಲ್ಲಿ 15,000ಕ್ಕೂ ಹೆಚ್ಚು ಚಿತ್ರಗಳೂ ಕೆತ್ತನೆಗಳೂ ಇವೆ. ಸಹಾರಾ ಹಸಿರಾಗಿದ್ದ ಕಾಲದ ಜಿರಾಫೆ, ನೀರಾನೆಗಳಿಂದ ಹಿಡಿದು ದನಗಾಹಿಗಳ ಮಂದೆ, ಆಮೇಲಿನ ಒಂಟೆಗಳವರೆಗೆ ಅಲ್ಲಿ ಸಿಗುತ್ತವೆ. ತಾಂಜಾನಿಯಾದ ಕೊಂಡೋವಾ, ಜಿಂಬಾಬ್ವೆಯ ಮಟೋಬೊ ಬೆಟ್ಟಗಳು, ಬೋಟ್ಸ್ವಾನಾದ ತ್ಸೋಡಿಲೊ, ಇವಕ್ಕೆಲ್ಲ ತಮ್ಮದೇ ಆದ ಶೈಲಿಯಿದೆ. ನಮೀಬಿಯಾದ ಟ್ವೈಫೆಲ್‌ಫಾಂಟೈನ್‌ನಲ್ಲಿ ಬಣ್ಣಕ್ಕಿಂತ ಕೆತ್ತನೆಯೇ ಪ್ರಧಾನ. ದಕ್ಷಿಣ ಆಫ್ರಿಕಾ ಮತ್ತು ಲೆಸೋಥೊ ನಡುವಿನ ಮಲೋಟಿ–ಡ್ರಾಕೆನ್ಸ್‌ಬರ್ಗ್ ಪರ್ವತಶ್ರೇಣಿಯ ಕಲ್ಲಾಸರೆಗಳಲ್ಲಿ ಮಾತ್ರ ಬಣ್ಣದ ಕೆಲಸ ಬೆರಗು ಹುಟ್ಟಿಸುವಷ್ಟು ನಾಜೂಕಾಗಿದೆ. ಸಹಾರಾದ ದಕ್ಷಿಣಕ್ಕೆ ಇಷ್ಟು ದಟ್ಟವಾಗಿ ಚಿತ್ರಗಳಿರುವ ಇನ್ನೊಂದು ಪ್ರದೇಶವಿಲ್ಲ. 2000ದಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಎನ್‌ಡೆಡೆಮಾ ಎಂಬ ಒಂದೇ ಕಣಿವೆಯ 17 ಕಲ್ಲಾಸರೆಗಳಲ್ಲಿ ಹರಾಲ್ಡ್ ಪಾಗರ್ ದಾಖಲಿಸಿದ ಚಿತ್ರಗಳು ಸುಮಾರು 3,900.

ಇವನ್ನು ಬಿಡಿಸಿದವರು ಯಾರು?

ದಕ್ಷಿಣ ಭಾಗದ ನವಿರಾದ ಬಣ್ಣದ ಚಿತ್ರಗಳನ್ನು ಬಿಡಿಸಿದವರು ಸ್ಯಾನ್ ಜನರ ಪೂರ್ವಜರು. ವಸಾಹತುಗಾರರು ಅವರನ್ನು ಬುಷ್‌ಮನ್ ಎಂದು ಕರೆದರು. ಸ್ಯಾನ್ ಎಂಬುದು ಕೂಡ ನೆರೆಯ ಪಶುಪಾಲಕರು ಇಟ್ಟ ಹೆಸರೇ. ಹಾಗಾಗಿ ಇಂದು ಅವರಲ್ಲಿ ಅನೇಕರು ಜುಹೊವಾನ್ಸಿ, ನಾರೊ, ಖ್ವೆ ಎಂದು ತಂತಮ್ಮ ಕುಲದ ಹೆಸರಿನಿಂದಲೇ ಗುರುತಿಸಿಕೊಳ್ಳಲು ಬಯಸುತ್ತಾರೆ. ನಾಲಿಗೆಯನ್ನು ಲೊಚಗುಟ್ಟಿಸಿ ಉಚ್ಚರಿಸುವ ವ್ಯಂಜನಗಳು ಅವರ ಭಾಷೆಗಳಲ್ಲಿ ಹೇರಳ. ಆ ಧ್ವನಿಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ; ಇಲ್ಲಿ ಬರೆದಿರುವ ಹೆಸರುಗಳೆಲ್ಲ ಹತ್ತಿರದ ರೂಪಗಳು ಮಾತ್ರ.

ಚಿತ್ರಗಳು ಎಷ್ಟು ಹಳೆಯವು?

ಈ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಕೊಡುವವರನ್ನು ನಂಬಬೇಡಿ.

ಬಣ್ಣದಿಂದ ಗೆರೆ ಎಳೆಯುವ ಅಭ್ಯಾಸವೇ ಬಹಳ ಹಳೆಯದು. ದಕ್ಷಿಣ ಆಫ್ರಿಕಾದ ಕಡಲತಡಿಯ ಬ್ಲೋಂಬೋಸ್ ಗುಹೆಯಲ್ಲಿ ಸುಮಾರು ಒಂದು ಲಕ್ಷ ವರ್ಷಗಳ ಹಿಂದೆ ಯಾರೋ ಕಾವಿಕಲ್ಲನ್ನು ಅರೆದು, ದೊಡ್ಡ ಕಡಲಚಿಪ್ಪುಗಳಲ್ಲಿ ಬಣ್ಣ ಕಲಸಿಟ್ಟಿದ್ದರು. ಅದೇ ಗುಹೆಯಲ್ಲಿ ಸಿಕ್ಕ ಒಂದು ಚಿಕ್ಕ ಕಲ್ಲಿನ ಚಕ್ಕೆಯ ಮೇಲೆ ಕಾವಿಕಲ್ಲಿನ ಮೊನೆಯಿಂದ ಎಳೆದ ಒಂಬತ್ತು ಗೆರೆಗಳು ಒಂದನ್ನೊಂದು ಅಡ್ಡಹಾಯುತ್ತವೆ. ಅದರ ವಯಸ್ಸು 73,000 ವರ್ಷ ಎಂದು ಕ್ರಿಸ್ಟೋಫರ್ ಹೆನ್ಶಿಲ್‌ವುಡ್ ತಂಡ 2018ರಲ್ಲಿ ಪ್ರಕಟಿಸಿತು. ಗೆರೆಗಳು ಚಕ್ಕೆಯ ಅಂಚಿನಲ್ಲಿ ಥಟ್ಟನೆ ನಿಂತುಹೋಗುತ್ತವೆ. ಅಂದರೆ ಮೂಲ ಚಿತ್ರ ಇನ್ನೂ ದೊಡ್ಡದಿತ್ತು.

ಪ್ರಾಣಿಗಳ ಆಕೃತಿಗಳ ವಿಷಯಕ್ಕೆ ಬಂದರೆ, ಆಫ್ರಿಕಾದಲ್ಲಿ ಈವರೆಗೆ ಕಾಲ ನಿರ್ಣಯವಾಗಿರುವ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ನಮೀಬಿಯಾದ ಒಂದು ಗುಹೆಯ ಏಳು ಕಲ್ಲಿನ ಹಲಗೆಗಳು ಸೇರುತ್ತವೆ. 1969ರ ಜುಲೈನಲ್ಲಿ ಜರ್ಮನ್ ಪುರಾತತ್ವಜ್ಞ ವೆಂಟ್ ಅಲ್ಲಿ ಅಗೆಯುತ್ತಿದ್ದಾಗ ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ಬಂತು. ಗುಹೆಗೆ ಅಪೊಲೊ 11 ಎಂದೇ ಹೆಸರಾಯಿತು. ಹಲಗೆಗಳ ವಯಸ್ಸು ಸುಮಾರು 27,000ದಿಂದ 30,000 ವರ್ಷ. ಒಂದರಲ್ಲಿ ಬೆಕ್ಕಿನ ಜಾತಿಯ ಪ್ರಾಣಿಯೊಂದರ ಮೈಗೆ ಮನುಷ್ಯನ ಕಾಲುಗಳನ್ನು ಹೋಲುವ ಹಿಂಗಾಲುಗಳಿವೆ.

ಗೋಡೆಯ ಮೇಲಿನ ಚಿತ್ರಗಳ ಕಾಲ ಹೇಳುವುದು ಇನ್ನೂ ಕಷ್ಟ. ಕಾವಿಯಲ್ಲಿ ಇಂಗಾಲವಿಲ್ಲ, ರೇಡಿಯೊ ಕಾರ್ಬನ್ ವಿಧಾನ ಅಲ್ಲಿ ನಡೆಯುವುದಿಲ್ಲ. ಇದ್ದಿಲು ಅಥವಾ ಮಸಿಯ ಕಪ್ಪು ಬಣ್ಣವಿದ್ದರೆ ಮಾತ್ರ ದಾರಿಯುಂಟು. ಅಡೆಲ್ಫಿನ್ ಬೊನೊ ಮತ್ತು ಸಂಗಡಿಗರು ಹೀಗೆ ಅತಿ ಸಣ್ಣ ಮಾದರಿಗಳನ್ನು ತೆಗೆದು ಪರೀಕ್ಷಿಸಿ, ಬೋಟ್ಸ್ವಾನಾದ ಕೆಲವು ಚಿತ್ರಗಳು 5,000 ವರ್ಷಕ್ಕೂ ಹಿಂದಿನವು ಎಂದು 2017ರಲ್ಲಿ ತೋರಿಸಿದರು. ಇನ್ನೊಂದು ತುದಿಯಲ್ಲಿ, ಡ್ರಾಕೆನ್ಸ್‌ಬರ್ಗ್‌ನ ಗೋಡೆಗಳಲ್ಲಿ ಕುದುರೆ ಸವಾರರು, ಬಂದೂಕು ಹಿಡಿದವರು ಕಾಣಿಸುತ್ತಾರೆ. ಅವು 19ನೆಯ ಶತಮಾನದವು. ಸಾವಿರಾರು ವರ್ಷ ಕಡಿಯದೆ ಬಂದ ಪರಂಪರೆಯಿದು.

ಸ್ಯಾನ್ ಜನ ಬೇಟೆಯಾಡುತ್ತಿದ್ದುದು ಹೇಗೆ?

ಬಿಲ್ಲು ಚಿಕ್ಕದು, ಬಾಣ ಹಗುರ. ಅದರ ಪೆಟ್ಟಿಗೆ ದೊಡ್ಡ ಜಿಂಕೆ ಬೀಳುವುದಿಲ್ಲ. ಕೆಲಸ ಮಾಡುವುದು ವಿಷ.

ಕಲಹಾರಿ ಮರುಭೂಮಿಯಲ್ಲಿ ಈ ವಿಷಕ್ಕೆ ಡಯಾಂಫಿಡಿಯಾ ಎಂಬ ಜೀರುಂಡೆಯ ಮರಿಹುಳು ಬೇಕು. ಆ ಜೀರುಂಡೆ ಮೊಟ್ಟೆಯಿಡುವುದು ಗುಗ್ಗುಳದ ಜಾತಿಯ ಗಿಡಗಳಲ್ಲಿ. ಮರಿಹುಳುಗಳು ಗಿಡದ ಬುಡದ ಮಣ್ಣಿಗಿಳಿದು ಗೂಡು ಕಟ್ಟಿಕೊಳ್ಳುತ್ತವೆ. ಬೇಟೆಗಾರ ಆ ಮಣ್ಣನ್ನು ಅಗೆದು ಗೂಡುಗಳನ್ನು ಆರಿಸಿ, ಹುಳುವಿನ ರಸವನ್ನು ಬಾಣದ ಮೇಲೆ ಹಿಂಡುತ್ತಾನೆ. ಆದರೆ ಅದನ್ನು ಮೊನೆಗೆ ಹಚ್ಚುವುದಿಲ್ಲ, ಮೊನೆಯ ಹಿಂದಿನ ಭಾಗಕ್ಕಷ್ಟೇ ಹಚ್ಚುತ್ತಾನೆ. ಕೈ ತಪ್ಪಿ ಮೊನೆ ಚರ್ಮ ಗೀರಿದರೂ ಪ್ರಾಣಕ್ಕೆ ಅಪಾಯವಿರಬಾರದು ಎಂಬ ಎಚ್ಚರ ಅದು. ಬಾಣವನ್ನು ತುಂಡುತುಂಡಾಗಿ ಜೋಡಿಸಿರುತ್ತಾರೆ. ಪ್ರಾಣಿಗೆ ತಗುಲಿದೊಡನೆ ಹಿಂದಿನ ದಂಡ ಕಳಚಿ ಬೀಳುತ್ತದೆ, ವಿಷ ಹಚ್ಚಿದ ಮುಂಭಾಗ ಮೈಯೊಳಗೆ ಉಳಿಯುತ್ತದೆ. ಪೊದೆಗೆ ಉಜ್ಜಿಕೊಂಡು ಕಿತ್ತುಹಾಕಲು ಪ್ರಾಣಿಗೆ ಅವಕಾಶವೇ ಇಲ್ಲ.

ವಿಷ ರಕ್ತದ ಕೆಂಪು ಕಣಗಳನ್ನು ನಿಧಾನವಾಗಿ ಒಡೆಯುತ್ತದೆ. ಸಣ್ಣ ಜಿಂಕೆಗೆ ಒಂದು ದಿನ ಸಾಕು. ಜಿರಾಫೆಯಂತಹದಕ್ಕೆ ಹಲವು ದಿನ ಬೇಕು. ಅಲ್ಲಿಯವರೆಗೂ ಹೆಜ್ಜೆ ಹಿಡಿದು ಹಿಂಬಾಲಿಸಬೇಕು. ಗೊರಸಿನ ಗುರುತು ಎಷ್ಟು ಆಳ, ಅಂಚು ಎಷ್ಟು ಕುಸಿದಿದೆ, ಮುರಿದ ಹುಲ್ಲು ಬಾಡಿದೆಯೇ ಎಂದು ನೋಡಿ ಪ್ರಾಣಿಯ ಸ್ಥಿತಿಯನ್ನೂ ಹೊತ್ತನ್ನೂ ಹೇಳಬಲ್ಲವರು ಅವರು. ಗಾಯದ ಸುತ್ತಲಿನ ಭಾಗ ಕೊಯ್ದು ತೆಗೆದರೆ ಮಾಂಸ ತಿನ್ನಲು ಯೋಗ್ಯ.

ಈ ಜಾಣ್ಮೆ ಹೊಸದಲ್ಲ. ದಕ್ಷಿಣ ಆಫ್ರಿಕಾದ ಬಾರ್ಡರ್ ಗುಹೆಯಲ್ಲಿ ಸುಮಾರು 24,000 ವರ್ಷ ಹಳೆಯ, ಕಚ್ಚು ಹಾಕಿದ ಕಡ್ಡಿಯೊಂದರ ಮೇಲೆ ಹರಳಿನ ಬೀಜದ ಆಮ್ಲದ ಕುರುಹು ಸಿಕ್ಕಿತು. ವಿಷ ಹಚ್ಚುವ ಕಡ್ಡಿ ಅದು ಎಂದು ಸಂಶೋಧಕರು 2012ರಲ್ಲಿ ವಾದಿಸಿದರು. ಅಲ್ಲಿಯೇ 40,000 ವರ್ಷಕ್ಕೂ ಹಿಂದಿನ ಮೂಳೆಯ ಮೊನೆಗಳು, ಅಗೆಯುವ ಕೋಲು, ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಮಣಿಗಳೂ ಸಿಕ್ಕಿವೆ.

ಹಾಗಾದರೆ ಅವರ ಊಟವೆಲ್ಲ ಮಾಂಸವೇ?

ದಿನದಿನದ ಹೊಟ್ಟೆ ತುಂಬುತ್ತಿದ್ದುದು ಹೆಚ್ಚಾಗಿ ಹೆಂಗಸರು ತಂದ ಗೆಡ್ಡೆಗೆಣಸು, ಕಾಯಿ, ಹಣ್ಣುಗಳಿಂದ. 1960ರ ದಶಕದಲ್ಲಿ ಬೋಟ್ಸ್ವಾನಾದ ಡೋಬೆ ಪ್ರದೇಶದಲ್ಲಿ ಜುಹೊವಾನ್ಸಿಗಳ ಜೊತೆ ಇದ್ದು ಲೆಕ್ಕ ಹಾಕಿದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ, ಆಹಾರದ ದೊಡ್ಡ ಪಾಲು ಸಸ್ಯಗಳದ್ದೇ ಎಂದು ಕಂಡುಕೊಂಡರು. ಅದರಲ್ಲೂ ಮೊಂಗೊಂಗೊ ಎಂಬ ಎಣ್ಣೆಯಂಶದ ಬೀಜ ಮುಖ್ಯ. ಗಟ್ಟಿಯಾಗಿಸಿದ ಅಗೆಯುವ ಕೋಲು, ಹೊರೆ ಹೊರಲು ಚರ್ಮದ ಹೊದಿಕೆ, ನೀರಿಗೆ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು: ಆ ಬದುಕನ್ನು ನಡೆಸಿದ್ದು ಇವು. ಬೇಟೆಯ ಕತೆಗಳೇ ಹೆಚ್ಚು ಪ್ರಚಾರ ಪಡೆದದ್ದರಿಂದ ಈ ದುಡಿಮೆ ಮರೆಗೆ ಸರಿಯಿತು.

ಅವರಿಗೆ ನಾಯಕರಿದ್ದರೇ? ಮಾಂಸ ಯಾರ ಪಾಲು?

ಆಜ್ಞೆ ಮಾಡುವ ಅರಸರಿರಲಿಲ್ಲ. ಹಾಗೆ ಯಾರೂ ಬೆಳೆಯದಂತೆ ನೋಡಿಕೊಳ್ಳುವ ಕ್ರಮಗಳಿದ್ದವು. ಜುಹೊವಾನ್ಸಿಗಳಲ್ಲಿ ಕೊಂದ ಪ್ರಾಣಿಯನ್ನು ಹಂಚುವ ಹಕ್ಕು ಬಾಣದ ಒಡೆಯನದು, ಬಿಟ್ಟವನದಲ್ಲ. ಬಾಣಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುತ್ತಿದ್ದರಿಂದ, ಕಾಡಿಗೇ ಹೋಗದ ಮುದುಕನೋ ಹೆಂಗಸೋ ಹಂಚಿಕೆಯ ಹಕ್ಕುದಾರರಾಗಬಹುದಿತ್ತು. ಒಳ್ಳೆಯ ಬೇಟೆ ತಂದವನನ್ನು ಹೊಗಳುವುದಿಲ್ಲ. ‘ಇಷ್ಟು ಬಡಕಲು ಪ್ರಾಣಿಗೆ ನಮ್ಮನ್ನೆಲ್ಲ ಇಷ್ಟು ದೂರ ಕರೆತಂದೆಯಾ’ ಎಂಬಂತೆ ಹೀಗಳೆಯುತ್ತಾರೆ. ಅವನೂ ತಗ್ಗಿ, ಸಿಕ್ಕಿದ್ದು ಅಷ್ಟೇನೂ ದೊಡ್ಡದಲ್ಲ ಎನ್ನುತ್ತಾನೆ. ಹೊಗಳಿಕೆ ತಲೆಗೇರಿದ ಯುವಕ ಮುಂದೊಂದು ದಿನ ಇತರರನ್ನು ಆಳುಗಳಂತೆ ಕಾಣುತ್ತಾನೆ, ಕೊಲ್ಲಲೂ ಹೇಸುವುದಿಲ್ಲ ಎಂದು ಹಿರಿಯರು ಲೀ ಅವರಿಗೆ ವಿವರಿಸಿದ್ದರು. ಅಧಿಕಾರದ ಬಗ್ಗೆ ಇಷ್ಟು ಸ್ಪಷ್ಟವಾಗಿ ಯೋಚಿಸಿದ ಸಮಾಜವನ್ನು ‘ಹಿಂದುಳಿದದ್ದು’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅದು ಸುಖದ ಬದುಕಾಗಿತ್ತೇ?

ಆಹಾರ ಹುಡುಕಲು ವಾರಕ್ಕೆ ಎರಡೂವರೆ ದಿನದಷ್ಟು ಸಮಯ ಸಾಕಾಗುತ್ತಿತ್ತು ಎಂಬ ಲೀ ಅವರ ಅಂದಾಜು ಬಹಳ ಪ್ರಸಿದ್ಧ. ಬೀಜ ಒಡೆಯುವುದು, ಸೌದೆ ತರುವುದು, ಅಡುಗೆ, ಉಪಕರಣಗಳ ತಯಾರಿ ಅದರಲ್ಲಿ ಸೇರಿಲ್ಲ ಎಂಬ ಆಕ್ಷೇಪವೂ ಸರಿಯೇ. ಶಿಶುಮರಣ ಹೆಚ್ಚಿತ್ತು, ಒಣ ತಿಂಗಳುಗಳು ಕಠಿಣವಾಗಿದ್ದವು. ಸ್ವರ್ಗವೂ ಅಲ್ಲ, ನಿತ್ಯ ಉಪವಾಸವೂ ಅಲ್ಲ.

ಬಣ್ಣ ಯಾವುದರಿಂದ ಮಾಡುತ್ತಿದ್ದರು?

ಕೆಂಪು, ಹಳದಿ, ಕಂದು ಬಣ್ಣಗಳಿಗೆ ಕಬ್ಬಿಣದ ಅಂಶವಿರುವ ಕಾವಿಕಲ್ಲು. ಬಿಳಿಗೆ ಜೇಡಿ ಮತ್ತು ಸುಣ್ಣದ ಅಂಶದ ಮಣ್ಣು. ಕಪ್ಪಿಗೆ ಇದ್ದಿಲು, ಮಸಿ ಅಥವಾ ಮ್ಯಾಂಗನೀಸ್ ಅದಿರು.

ಇದರ ಬಗ್ಗೆ ಒಂದು ಅಮೂಲ್ಯ ದಾಖಲೆಯಿದೆ. 1930ರ ಸುಮಾರಿಗೆ ಲೆಸೋಥೊದಲ್ಲಿ ಮಾಪೋಟೆ ಎಂಬ ವೃದ್ಧರು, ತಾವು ಚಿಕ್ಕಂದಿನಲ್ಲಿ ಸ್ಯಾನ್ ಬಂಧುಗಳ ಜೊತೆ ಚಿತ್ರ ಬಿಡಿಸಿದ್ದನ್ನು ನೆನೆದು, ಮೇರಿಯನ್ ಹೌ ಎಂಬುವರ ಎದುರು ಮಾಡಿ ತೋರಿಸಿದರು. ಸಣ್ಣ ಪುಕ್ಕಗಳನ್ನು ಜೊಂಡಿನ ತುದಿಗೆ ಸಿಕ್ಕಿಸಿ ಕುಂಚ ಮಾಡಿಕೊಂಡರು. ಕೆಂಪು ಬಣ್ಣ ಕಲಸಲು ಆಗತಾನೆ ಕೊಂದ ಎಲ್ಯಾಂಡ್ ಜಿಂಕೆಯ ಬಿಸಿ ರಕ್ತ ಬೇಕು, ಹೆಪ್ಪುಗಟ್ಟಿದರೆ ಬಣ್ಣ ಕಲ್ಲಿಗೆ ಇಳಿಯುವುದಿಲ್ಲ ಎಂದರು. ಎಲ್ಯಾಂಡ್ ಸಿಗುವಂತಿರಲಿಲ್ಲ, ಎತ್ತಿನ ರಕ್ತ ತರಿಸಿದರು. ಯಾವ ಚಿತ್ರದಿಂದ ಶುರುಮಾಡುವುದು ಎಂಬುದರಲ್ಲಿ ಮಾಪೋಟೆಯವರಿಗೆ ಗೊಂದಲವೇ ಇರಲಿಲ್ಲ: ಈ ಸೀಮೆಯ ಸ್ಯಾನ್ ಜನ ಎಲ್ಯಾಂಡಿನವರು, ಆದ್ದರಿಂದ ಮೊದಲು ಎಲ್ಯಾಂಡ್.

ಎಲ್ಯಾಂಡ್ ಜಿಂಕೆಗೆ ಅಷ್ಟು ಮಹತ್ವ ಏಕೆ?

ಎಲ್ಯಾಂಡ್ ಆಫ್ರಿಕಾದ ಅತ್ಯಂತ ದೊಡ್ಡ ಜಿಂಕೆಗಳಲ್ಲೊಂದು. ಗಂಡು ಸುಲಭವಾಗಿ 600 ಕಿಲೊ ದಾಟುತ್ತದೆ. ನೀಳ ಕೊಂಬು, ಕೊರಳ ಕೆಳಗೆ ಜೋಲುವ ಗಂಗೆದೊಗಲು, ಮೈತುಂಬ ಕೊಬ್ಬು. ನೋಡಿದರೆ ನಮ್ಮ ಮಲೆನಾಡಿನ ಕಾಟಿಯ ಮೈಕಟ್ಟು ನೆನಪಾಗುತ್ತದೆ. ಡ್ರಾಕೆನ್ಸ್‌ಬರ್ಗ್‌ನ ಚಿತ್ರಕಾರರು ಅದರ ಮೈಗೆ ಕೆಂಪನ್ನು ಬಿಳಿಯೊಳಗೆ ಗೆರೆ ಕಾಣದಂತೆ ಕರಗಿಸಿ ಬಳಿದಿದ್ದಾರೆ. ಬೇರಾವ ಪ್ರಾಣಿಗೂ ಅವರು ಇಷ್ಟು ಶ್ರಮ ಹಾಕಿಲ್ಲ.

ತಿನ್ನುವ ಆಸೆಯಿಂದ ಬಿಡಿಸಿದರು ಎಂಬ ಹಳೆಯ ವಿವರಣೆ ಇಲ್ಲಿ ಸೋಲುತ್ತದೆ. ಕಲ್ಲಾಸರೆಗಳ ನೆಲ ಅಗೆದಾಗ ಸಿಗುವ ಮೂಳೆಗಳು ಹೆಚ್ಚಾಗಿ ಸಣ್ಣ ಪ್ರಾಣಿಗಳವು, ಗೋಡೆಯ ಮೇಲೆ ಮೆರೆಯುವುದು ಎಲ್ಯಾಂಡ್. ಹುಡುಗನ ಮೊದಲ ಬೇಟೆ, ಹುಡುಗಿ ಮೈನೆರೆದಾಗಿನ ಕುಣಿತ, ಮದುವೆ, ರೋಗ ಗುಣಪಡಿಸುವ ನೃತ್ಯ, ಎಲ್ಲದರಲ್ಲೂ ಎಲ್ಯಾಂಡ್ ಇದೆ. ಕ್ಸಾಮ್ ಎಂಬ ಸ್ಯಾನ್ ಕುಲದವರಲ್ಲಿ ಎಲ್ಯಾಂಡಿಗೆ ಬಾಣ ಬಿಟ್ಟವನು ಓಡಿ ಬರುವಂತಿರಲಿಲ್ಲ. ತಾನೇ ವಿಷ ಏರಿದವನಂತೆ ನಿಧಾನವಾಗಿ ನಡೆದು ಬಂದು, ಕಾಯಿಲೆಯವನಂತೆ ಕೂರಬೇಕು. ಅವನು ಓಡಿದರೆ ಎಲ್ಯಾಂಡಿಗೂ ಬಲ ಬರುತ್ತದೆ ಎಂಬ ನಂಬಿಕೆ. ಕೊಲ್ಲುವವನನ್ನೂ ಸಾಯುವುದನ್ನೂ ಒಂದೇ ದಾರದಲ್ಲಿ ಕಟ್ಟುವ ಈ ಆಚರಣೆ ಗೊತ್ತಿದ್ದರೆ ಗೋಡೆಯ ಮೇಲಿನ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

ಚಿತ್ರಗಳ ಅರ್ಥ ನಮಗೆ ತಿಳಿದದ್ದು ಹೇಗೆ?

ಮುಖ್ಯವಾಗಿ ಕೆಲವು ಸ್ಯಾನ್ ವ್ಯಕ್ತಿಗಳ ಮಾತುಗಳಿಂದ.

1870ರಲ್ಲಿ ಕೇಪ್‌ಟೌನಿನ ಬ್ರೇಕ್‌ವಾಟರ್ ಸೆರೆಮನೆಯಲ್ಲಿ ಹಲವು ಕ್ಸಾಮ್ ಕೈದಿಗಳಿದ್ದರು. ನೆಲ ಕಳೆದುಕೊಂಡು ಹಸಿದವರು ಜಾನುವಾರು ಕದ್ದರೆಂಬುದು ಸಾಮಾನ್ಯ ಆರೋಪ. ಜರ್ಮನ್ ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಲೀಕ್ ಅವರಲ್ಲಿ ಕೆಲವರನ್ನು ಅನುಮತಿ ಪಡೆದು ತಮ್ಮ ಮನೆಯಲ್ಲಿರಿಸಿಕೊಂಡರು. ಬ್ಲೀಕ್ ಮತ್ತು ಅವರ ನಾದಿನಿ ಲೂಸಿ ಲಾಯ್ಡ್ ಮೊದಲು ಭಾಷೆ ಕಲಿತರು, ಆಮೇಲೆ ಕೇಳಿದ್ದನ್ನೆಲ್ಲ ಬರೆದುಕೊಂಡರು. ಬ್ಲೀಕ್ 1875ರಲ್ಲಿ ತೀರಿಕೊಂಡ ಮೇಲೂ ಲಾಯ್ಡ್ ನಿಲ್ಲಿಸಲಿಲ್ಲ. ಸುಮಾರು 12,000 ಪುಟಗಳಾದವು. ಹೇಳಿದವರಲ್ಲಿ ಹಿರಿಯರಾದ ಕಾಬ್ಬೊ, ತಮ್ಮ ಊರಿಗೆ ಹೋಗಬೇಕು, ಅಲ್ಲಿ ಕುಳಿತು ದೂರದಿಂದ ಗಾಳಿಯಂತೆ ತೇಲಿಬರುವ ಕತೆಗಳನ್ನು ಕೇಳಬೇಕು ಎಂದು ಹಂಬಲಿಸುತ್ತಿದ್ದರು. ಆದರೂ ತಮ್ಮ ಜನರ ಕತೆಗಳು ಪುಸ್ತಕಗಳ ಮೂಲಕ ಉಳಿಯುತ್ತವೆಂಬ ವಿಚಾರ ಅವರಿಗೆ ಹಿತವಾಗಿತ್ತು ಎಂದು ಲಾಯ್ಡ್ ದಾಖಲಿಸಿದ್ದಾರೆ. ಕ್ಸಾಮ್ ಭಾಷೆ ಆಡುವವರು ಇಂದು ಯಾರೂ ಇಲ್ಲ. ಆ ಟಿಪ್ಪಣಿಗಳಿಗೆ 1997ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು.

ಎರಡನೆಯ ಮಾತು ಪರ್ವತದಿಂದ ಬಂತು. 1873ರಲ್ಲಿ ಮಲೋಟಿ ಬೆಟ್ಟಗಳಲ್ಲಿ ಸಂಚರಿಸುತ್ತಿದ್ದ ಬ್ರಿಟಿಷ್ ಅಧಿಕಾರಿ ಜೋಸೆಫ್ ಓರ್ಪೆನ್ ಅವರಿಗೆ ಚಿಂಗ್ ಎಂಬ ಸ್ಯಾನ್ ಯುವಕ ದಾರಿ ತೋರಿಸಿದ. ಜಿಂಕೆಯ ತಲೆಯಿರುವ ಮನುಷ್ಯರು ಯಾರು ಎಂದು ಚಿತ್ರದ ಎದುರು ಕೇಳಿದಾಗ, ಅವರು ಸತ್ತು ಈಗ ನದಿಗಳಲ್ಲಿ ಬದುಕುತ್ತಿರುವವರು, ಎಲ್ಯಾಂಡುಗಳ ಜೊತೆಗೇ ಕುಣಿತದಿಂದ ಕೆಟ್ಟುಹೋದವರು ಎಂದ. ಎಲ್ಲವನ್ನೂ ಸೃಷ್ಟಿಸಿದ ಕಾಗನ್ ಎಲ್ಲಿದ್ದಾನೆ ಎಂಬ ಪ್ರಶ್ನೆಗೆ ಅವನ ಉತ್ತರ: ನಮಗೆ ಗೊತ್ತಿಲ್ಲ, ಎಲ್ಯಾಂಡುಗಳಿಗೆ ಗೊತ್ತು, ಬೇಟೆಯಲ್ಲಿ ಅವು ತಟ್ಟನೆ ಬೆಚ್ಚಿ ಅವನ ಕರೆಯತ್ತ ಓಡುವುದನ್ನು ನೀವು ನೋಡಿಲ್ಲವೇ?

ಒಂದು ಶತಮಾನ ಈ ಮಾತುಗಳು ಒಗಟಾಗಿಯೇ ಉಳಿದವು. 1970ರ ದಶಕದಲ್ಲಿ ಬಂಡೆಚಿತ್ರಗಳ ಸಂಶೋಧಕರಾದ ಪೆಟ್ರೀಷಿಯಾ ವಿನ್ನಿಕೋಂಬ್ ಮತ್ತು ಡೇವಿಡ್ ಲೂಯಿಸ್-ವಿಲಿಯಮ್ಸ್ ಆ ಹಳೆಯ ಟಿಪ್ಪಣಿಗಳ ಬೆಳಕಿನಲ್ಲಿ ಚಿತ್ರಗಳನ್ನು ನೋಡತೊಡಗಿದರು. ಕಲಹಾರಿಯಲ್ಲಿ ಇಂದಿಗೂ ನಡೆಯುವ ಗುಣಪಡಿಸುವ ಕುಣಿತ ಕೊಂಡಿಯಾಯಿತು. ರಾತ್ರಿ ಬೆಂಕಿಯ ಸುತ್ತ ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಾರೆ, ಗಂಡಸರು ಸುತ್ತ ಕುಣಿಯುತ್ತಾರೆ. ಹೊಟ್ಟೆಯೊಳಗಿನ ಶಕ್ತಿ ಕುದಿದು ಬೆನ್ನುಹುರಿಯಲ್ಲಿ ಏರುತ್ತದೆ. ವೈದ್ಯ ಮುಂದಕ್ಕೆ ಬಾಗುತ್ತಾನೆ, ಕೈಗಳನ್ನು ಹಿಂದಕ್ಕೆ ಚಾಚುತ್ತಾನೆ, ಬೀಳುತ್ತಾನೆ. ಕ್ಸಾಮ್ ವೈದ್ಯರಿಗೆ ಆಗ ಮೂಗಿನಿಂದ ರಕ್ತ ಬರುತ್ತಿತ್ತು ಎಂದು ಬ್ಲೀಕ್ ಮನೆಯ ಹೇಳಿಕೆಗಳಲ್ಲಿದೆ. ಈ ಸ್ಥಿತಿಯನ್ನು ಜುಹೊವಾನ್ಸಿಗಳು ಸಾವು ಎಂದೇ ಕರೆಯುತ್ತಾರೆ.

ಈಗ ಡ್ರಾಕೆನ್ಸ್‌ಬರ್ಗ್‌ನ ಕಾಂಬರ್ಗ್ ಬಳಿಯ ಗೇಮ್ ಪಾಸ್ ಕಲ್ಲಾಸರೆಯ ಚಿತ್ರ ನೋಡಿ. ಒಂದು ಎಲ್ಯಾಂಡ್ ಸಾಯುತ್ತಿದೆ. ತಲೆ ತಗ್ಗಿದೆ, ಮೈಕೂದಲು ನಿಮಿರಿದೆ, ಹಿಂಗಾಲುಗಳು ಒಂದರ ಮೇಲೊಂದು ಅಡ್ಡಬಿದ್ದಿವೆ. ಹಿಂದೆ ಒಬ್ಬ ಅದರ ಬಾಲ ಹಿಡಿದಿದ್ದಾನೆ. ಅವನ ಕಾಲುಗಳೂ ಎಲ್ಯಾಂಡಿನಂತೆಯೇ ಅಡ್ಡಬಿದ್ದಿವೆ, ಪಾದದ ಜಾಗದಲ್ಲಿ ಗೊರಸುಗಳಿವೆ. ಪ್ರಾಣಿಯ ಸಾವನ್ನೂ ವೈದ್ಯನ ‘ಸಾವನ್ನೂ’ ಚಿತ್ರಕಾರ ಪಕ್ಕಪಕ್ಕದಲ್ಲಿಟ್ಟಿದ್ದಾನೆ ಎಂದು ಲೂಯಿಸ್-ವಿಲಿಯಮ್ಸ್ ಓದಿದರು. ಚಿಂಗ್ ಹೇಳಿದ್ದೂ ಅದನ್ನೇ ಅಲ್ಲವೇ?

ಎಲ್ಲ ಚಿತ್ರಗಳಿಗೂ ಇದೇ ಅರ್ಥವೇ?

ಹಾಗೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಚಿಂಗ್ ಹೇಳಿದ್ದು ಪುರಾಣದ ಜೀವಿಗಳ ಬಗ್ಗೆ, ಕುಣಿತದ ವೈದ್ಯರ ಬಗ್ಗೆಯಲ್ಲ ಎಂಬ ವಾದವಿದೆ. ಮಳೆ ತರಿಸುವ ಆಚರಣೆ, ಹೆಣ್ಣುಮಕ್ಕಳ ದೀಕ್ಷೆ, ನೆರೆಯವರೊಡನೆ ನಡೆದ ಕಾಳಗಗಳೂ ಗೋಡೆಗಳ ಮೇಲಿವೆ. ಸಾವಿರಾರು ವರ್ಷಗಳ ಕೆಲಸವನ್ನು ಒಂದೇ ಕೀಲಿಯಿಂದ ತೆರೆಯಲು ಹೊರಡುವುದು ದುಡುಕು. ಕುಣಿತದ ಕೀಲಿ ಬಹಳಷ್ಟು ಬಾಗಿಲು ತೆರೆಯುತ್ತದೆ ಎಂಬುದನ್ನಂತೂ ನಾನು ಒಪ್ಪುತ್ತೇನೆ.

ನಮೀಬಿಯಾದ ‘ಬಿಳಿ ಮಹಿಳೆ’ ಯಾರು?

ಬಿಳಿಯೂ ಅಲ್ಲ, ಮಹಿಳೆಯೂ ಅಲ್ಲ. ಬ್ರಾಂಡ್‌ಬರ್ಗ್ ಬೆಟ್ಟದಲ್ಲಿ 1918ರಲ್ಲಿ ರೈನ್‌ಹಾರ್ಡ್ ಮಾಕ್ ಕಂಡ ಈ ಚಿತ್ರವನ್ನು ಫ್ರಾನ್ಸಿನ ಪ್ರಸಿದ್ಧ ವಿದ್ವಾಂಸ ಆಬೆ ಬ್ರೇಯಿ, ಮೆಡಿಟರೇನಿಯನ್ ಕಡೆಯಿಂದ ಬಂದ ಹೆಣ್ಣು ಎಂದು ಸಾರಿದರು. ಅಷ್ಟು ಸುಂದರವಾದುದನ್ನು ಆಫ್ರಿಕಾದವರೇ ಬಿಡಿಸಿರಲಾರರು ಎಂಬ ಆ ಕಾಲದ ಪೂರ್ವಗ್ರಹವೇ ಅದರ ಬೇರು. ಚಿತ್ರದಲ್ಲಿರುವುದು ಬಿಲ್ಲು ಹಿಡಿದು, ಮೈಗೆ ಬಿಳಿ ಬಣ್ಣ ಬಳಿದುಕೊಂಡ ಆಫ್ರಿಕಾದ ಗಂಡಸು. ತಪ್ಪು ಹೆಸರು ಮಾತ್ರ ಪ್ರವಾಸಿ ಫಲಕಗಳಲ್ಲಿ ಇನ್ನೂ ಉಳಿದಿದೆ.

ಚಿತ್ರಕಾರರು ಏನಾದರು?

ಅವರನ್ನು ಕೊಲ್ಲಲಾಯಿತು, ಓಡಿಸಲಾಯಿತು, ಹೊಲಮನೆಗಳಲ್ಲಿ ದುಡಿಯಲು ಎಳೆದೊಯ್ಯಲಾಯಿತು. ಡಚ್ ವಸಾಹತಿನವರು ಕಮಾಂಡೊ ಎಂಬ ಶಸ್ತ್ರಸಜ್ಜಿತ ಗುಂಪು ಕಟ್ಟಿಕೊಂಡು ಸ್ಯಾನರನ್ನು ಬೇಟೆಯಾಡಿದರು. 1774ರ ಒಂದೇ ದೊಡ್ಡ ಕಾರ್ಯಾಚರಣೆಯಲ್ಲಿ 500ಕ್ಕೂ ಹೆಚ್ಚು ಜನರನ್ನು ಕೊಂದದ್ದು ಅವರದೇ ದಾಖಲೆಗಳಲ್ಲಿದೆ. ಡ್ರಾಕೆನ್ಸ್‌ಬರ್ಗ್‌ನಲ್ಲಿ 19ನೆಯ ಶತಮಾನದ ಅಂತ್ಯದೊಳಗೆ ಚಿತ್ರ ಬಿಡಿಸುವ ಪರಂಪರೆ ನಿಂತಿತು. ಕೆಲವರು ನೆರೆಯ ಸೋಥೊ, ಫುಥಿ ಮುಂತಾದ ಸಮುದಾಯಗಳಲ್ಲಿ ಬೆರೆತುಹೋದರು.

ಜನ ಮಾತ್ರ ಅಳಿದಿಲ್ಲ. ಬೋಟ್ಸ್ವಾನಾ, ನಮೀಬಿಯಾ, ಅಂಗೋಲಾ, ದಕ್ಷಿಣ ಆಫ್ರಿಕಾ ಮುಂತಾದ ಕಡೆ ಇಂದು ಸುಮಾರು ಒಂದು ಲಕ್ಷ ಸ್ಯಾನರಿದ್ದಾರೆ. ಕೇಂದ್ರ ಕಲಹಾರಿಯ ಮೀಸಲು ಪ್ರದೇಶದಿಂದ ತಮ್ಮನ್ನು ಹೊರಹಾಕಿದ್ದು ಕಾನೂನುಬಾಹಿರ ಎಂದು 2006ರಲ್ಲಿ ಬೋಟ್ಸ್ವಾನಾದ ಹೈಕೋರ್ಟಿನಲ್ಲಿ ಗೆದ್ದರು. 2017ರಲ್ಲಿ ದಕ್ಷಿಣ ಆಫ್ರಿಕಾದ ಸ್ಯಾನ್ ಮುಖಂಡರು, ತಮ್ಮ ಬಗ್ಗೆ ಅಧ್ಯಯನ ಮಾಡುವವರು ಪಾಲಿಸಬೇಕಾದ ನೀತಿಸಂಹಿತೆಯನ್ನೇ ಪ್ರಕಟಿಸಿದರು. ‘ಶಿಲಾಯುಗದ ಜನ’ ಎಂದು ಅವರನ್ನು ಕರೆಯುವ ಲೇಖನಗಳನ್ನು ಓದಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಕರ್ನಾಟಕದ ಬಂಡೆಚಿತ್ರಗಳಿಗೂ ಇವಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ಬಳ್ಳಾರಿ ಬಳಿಯ ಕಪ್ಪಗಲ್ಲಿನ ಕೆತ್ತನೆಗಳಲ್ಲಿ ಹೆಚ್ಚಿನವು ನವಶಿಲಾಯುಗದ ದನಗಾಹಿಗಳವು, ಅದಕ್ಕೇ ಅಲ್ಲಿ ಹೋರಿಗಳ ದರ್ಬಾರು. ಒಂದು ಹೋಲಿಕೆ ಮಾತ್ರ ಕುತೂಹಲಕರ. ಕಪ್ಪಗಲ್ಲಿನಲ್ಲಿ ತಟ್ಟಿದರೆ ಗಂಟೆಯಂತೆ ಮೊಳಗುವ ಬಂಡೆಗಳಿವೆ. ತಾಂಜಾನಿಯಾದ ಸೆರೆಂಗೆಟಿಯಲ್ಲೂ ತಟ್ಟಿ ತಟ್ಟಿ ಗುಳಿಬಿದ್ದ ನಾದದ ಬಂಡೆಯಿದೆ. ಕಲ್ಲು ಗಣಿಗಾರಿಕೆಯಿಂದ ಕಪ್ಪಗಲ್ಲಿಗೆ ಆಗಿರುವ ಹಾನಿಯನ್ನು ನೆನೆದರೆ, ಆಫ್ರಿಕಾದ ಚಿತ್ರಗಳ ಬಗ್ಗೆ ಓದುವ ನಮ್ಮವರು ಅದನ್ನೂ ಒಮ್ಮೆ ಹೋಗಿ ನೋಡಬೇಕು.

ಇವನ್ನು ನೋಡಲು ಹೋಗಬಹುದೇ?

ಧಾರಾಳವಾಗಿ. ಗೇಮ್ ಪಾಸ್‌ಗೆ ಕಾಂಬರ್ಗ್ ಕೇಂದ್ರದಿಂದ ಮಾರ್ಗದರ್ಶಕರ ಜೊತೆಯಲ್ಲೇ ಹೋಗಬೇಕು, ಗುಡ್ಡ ಹತ್ತುವ ದಾರಿ. ಬೆಟ್ಟ ಹತ್ತಲಾಗದವರಿಗೆ ಜೋಹಾನ್ಸ್‌ಬರ್ಗ್‌ನ ಆರಿಜಿನ್ಸ್ ಸೆಂಟರ್ ಇದೆ. ಕೇಪ್‌ಟೌನಿನ ವಸ್ತುಸಂಗ್ರಹಾಲಯದಲ್ಲಿ 1917ರಲ್ಲಿ ಬಂಡೆಯಿಂದ ಕೊಯ್ದು ತಂದ ಲಿಂಟನ್ ಫಲಕವಿದೆ. ದಕ್ಷಿಣ ಆಫ್ರಿಕಾದ ಈಗಿನ ರಾಷ್ಟ್ರಲಾಂಛನದಲ್ಲಿ ಎದುರುಬದುರು ನಿಂತ ಇಬ್ಬರ ಆಕೃತಿ ಆ ಫಲಕದಿಂದಲೇ ಬಂದದ್ದು, ಲಾಂಛನದ ಧ್ಯೇಯವಾಕ್ಯ ಕ್ಸಾಮ್ ಭಾಷೆಯದು.

ಹೋದಾಗ ಚಿತ್ರ ಮುಟ್ಟಬೇಡಿ. ಬಣ್ಣ ಎದ್ದು ಕಾಣಲೆಂದು ನೀರು ಚಿಮುಕಿಸುವ ಕೆಟ್ಟ ಚಾಳಿಯಿಂದ ಅನೇಕ ಚಿತ್ರಗಳು ಮಸುಕಾಗಿವೆ. ನೀರು ಒಣಗುವಾಗ ಬಂಡೆಯ ಲವಣ ಮೇಲೆದ್ದು ಬಿಳಿ ಪೊರೆ ಕಟ್ಟುತ್ತದೆ. ಕಲ್ಲಾಸರೆಯೊಳಗೆ ಬೆಂಕಿ ಹಾಕಬೇಡಿ. 1999ರ ಪರಂಪರೆ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿತ್ರಗಳಿಗೆ ಹಾನಿ ಮಾಡುವುದು ಅಲ್ಲಿ ಶಿಕ್ಷಾರ್ಹ ಅಪರಾಧ. ಬೆಳಿಗ್ಗೆ ಬೇಗ ಹೊರಡಿ. ಬೇಸಿಗೆಯಲ್ಲಿ ಡ್ರಾಕೆನ್ಸ್‌ಬರ್ಗ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯ.